ನೀರಿಗಿಳಿಯಬೇಡವೆಂಬ ಮಾತು

ನಾರುಹುಣ್ಣೆಂಬ ಶಬ್ದದ ಅರ್ಥವನ್ನು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿದೆ. ಒಂದು ದೃಷ್ಟಿಯಿಂದ ಅದು ಸಂತೋಷದ ಸಂಗತಿಯೇ ಸರಿ. ರೋಗವೊಂದರ ಹೆಸರು ಜನರ ಬಾಯಿಂದ ಮರೆಯಾಗುವುದು ಆ ರೋಗವು ನಾಡಿನಿಂದ ಮರೆಯಾದ ಮೇಲೆಯೇ. ಆದರೆ ಹೆಸರಿನೊಡನೆ ಅದನ್ನು ಕಳೆದ ಬಗೆಯೂ ಮರೆತುಹೋಗುತ್ತಿರುವುದು ವಿಷಾದಕರ. ಏಕೆಂದರೆ ಆ ಬಗೆಯಲ್ಲಿ ಧರ್ಮವಿಚಾರಪರರಾದವರು ಗಮನಿಸತಕ್ಕ ಒಂದು ಸೂಕ್ಷ್ಮ ಪ್ರಶ್ನೆ ಅಡಗಿದೆ. ನೊಂದವನೊಬ್ಬನನ್ನು ಊರಿನ ಹಿತಕ್ಕಾಗಿ ಊರಿನ ನೀರಿನಿಂದ ದೂರವಿಡುವುದು ನ್ಯಾಯವೇ? ನ್ಯಾಯವೆಂದಾದರೆ, ಹಾಗೆ ಹೇಳುವ ಅಧಿಕಾರ ಯಾರದು?

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕದ್ದು. ಆಯುರ್ವೇದದ ಗ್ರಂಥಗಳು ಇದನ್ನು ಸ್ನಾಯುಕವೆಂದು ಕರೆದಿವೆ. ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತದೆ, ಬೆಂಕಿಯಿಟ್ಟಂತೆ ಉರಿಯುತ್ತದೆ, ಬೊಬ್ಬೆ ಒಡೆದಲ್ಲಿ ನೂಲಿನೆಳೆಯಂತಹ ಬಿಳಿಯ ಹುಳುವೊಂದು ತಲೆ ತೋರುತ್ತದೆ. ಅದರ ಉದ್ದ ಒಂದು ಮೀಟರಿನವರೆಗೂ ಇರುವುದುಂಟು. ಅದನ್ನು ಒಮ್ಮೆಗೇ ಎಳೆಯುವಂತಿಲ್ಲ. ಎಳೆದರೆ ತುಂಡಾಗಿ ಒಳಗುಳಿದ ಭಾಗವು ಕೀವುಗಟ್ಟಿ ಕಾಲನ್ನೇ ಕೆಡಿಸುತ್ತದೆ. ಸಣ್ಣ ಕಡ್ಡಿಯೊಂದಕ್ಕೆ ಅದನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಹೊರಗೆ ತೆಗೆಯಬೇಕು. ಪ್ರಾಚೀನ ಕಾಲದ ವೈದ್ಯರೂ ಇದನ್ನೇ ಮಾಡಿದರು, ಇಪ್ಪತ್ತೊಂದನೆಯ ಶತಮಾನದ ವೈದ್ಯರೂ ಇದನ್ನೇ ಮಾಡುತ್ತಾರೆ. ಈ ಹುಳುವನ್ನು ಕೊಲ್ಲುವ ಔಷಧವಿಲ್ಲ. ರೋಗವನ್ನು ತಡೆಯುವ ಲಸಿಕೆಯೂ ಇಲ್ಲ. ಒಮ್ಮೆ ಬಂದುಹೋದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಇದು ಪ್ರಾಣವನ್ನು ಕೊಳ್ಳುವುದು ಅಪರೂಪ. ಆದರೆ ಬಿತ್ತನೆಯ ಹೊತ್ತಿಗೆ ಮನೆಯ ದುಡಿಯುವ ಆಳು ಜಗುಲಿಯ ಮೇಲೆ ಕಾಲು ಚಾಚಿ ಮಲಗಿದರೆ ಆ ವರ್ಷದ ಅನ್ನ ಹೋದಂತೆಯೇ ಲೆಕ್ಕ.

ಈ ಹುಳು ಕಾಲಿನೊಳಗೆ ಬಂದುದು ಹೇಗೆ? ರಷ್ಯಾ ದೇಶದ ಪ್ರಕೃತಿಶಾಸ್ತ್ರಜ್ಞನಾದ ಅಲೆಕ್ಸಿ ಫೆಡ್ಚೆಂಕೊ ಎಂಬವನು 1870ರಲ್ಲಿ ಇದರ ಮರ್ಮವನ್ನು ಕಂಡುಹಿಡಿದನು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿ ಇರುತ್ತದೆ. ಬೊಬ್ಬೆಯ ಕಾಲು ನೀರನ್ನು ಮುಟ್ಟಿದಾಗ ಹುಳುವು ಲಕ್ಷಗಟ್ಟಲೆ ಮರಿಗಳನ್ನು ಆ ನೀರಿಗೆ ಬಿಡುತ್ತದೆ. ಅವನ್ನು ಈ ಜೀವಿ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನ ದೇಹದೊಳಗೆ ಮರಿಯು ಸೇರಿ, ಬೆಳೆದು, ಸುಮಾರು ಒಂದು ವರ್ಷದ ಮೇಲೆ ಮತ್ತೊಂದು ಬೊಬ್ಬೆಯಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ಹೋದ ಬೇಸಗೆಯ ನೀರಿಗೂ ಈ ಬೇಸಗೆಯ ನೋವಿಗೂ ಇರುವ ಸಂಬಂಧವು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ. ಈ ಹುಳುವಿಗೆ ಸಂತಾನವೃದ್ಧಿಗೆ ಮನುಷ್ಯನ ಕಾಲು ನೀರಿಗಿಳಿಯಬೇಕು. ಮನುಷ್ಯನು ತಾನಾಗಿ ನೀರಿಗಿಳಿಯುವಂತೆ ಮಾಡುವುದು ಹುಳುವು ಹುಟ್ಟಿಸುವ ಉರಿಯೇ. ಉರಿಯುವ ಕಾಲನ್ನು ತಣ್ಣೀರಿನಲ್ಲಿಟ್ಟವನಿಗೆ ಆ ಗಳಿಗೆಯಲ್ಲಿ ಸುಖವಾಗುತ್ತದೆ. ಅದೇ ಗಳಿಗೆಯಲ್ಲಿ ಮುಂದಿನ ವರ್ಷದ ನೋವು, ತನ್ನದೂ ನೆರೆಯವರದೂ, ನೀರಿನಲ್ಲಿ ಬಿತ್ತಲ್ಪಡುತ್ತದೆ.

ಮೆಟ್ಟಿಲುಬಾವಿಗಳಿದ್ದ ಒಣನಾಡಿನಲ್ಲಿ ಈ ರೋಗವು ಬೇರೂರಿತ್ತು. ಸೇದುವ ಬಾವಿಯಲ್ಲಿ ಕೊಡವು ಮಾತ್ರ ನೀರಿಗಿಳಿಯುತ್ತದೆ. ಮೆಟ್ಟಿಲುಬಾವಿಯಲ್ಲಿ ಕೊಡದೊಡನೆ ಕಾಲೂ ಇಳಿಯುತ್ತದೆ. ಬೇಸಗೆಯಲ್ಲಿ ನೀರು ತಳಕ್ಕೆ ಸರಿದಾಗ ಮೊಣಕಾಲುಮಟ್ಟ ನಿಲ್ಲದೆ ಕೊಡ ತುಂಬುವಂತಿರಲಿಲ್ಲ. ಲಕ್ಕುಂಡಿಯ ಮುಸುಕಿನ ಬಾವಿ, ವಿಜಯಪುರದ ತಾಜ್ ಬಾವಡಿ ಮೊದಲಾದವುಗಳ ಶಿಲ್ಪವನ್ನು ಕಂಡು ಕಣ್ಣು ತಣಿಯುವವರು, ಅಂತಹ ಚೆಲುವೇನೂ ಇಲ್ಲದ ಸಾವಿರಾರು ಹಳ್ಳಿಯ ಬಾವಿಗಳೂ ಇದೇ ಕ್ರಮದಲ್ಲಿ ಕಟ್ಟಲ್ಪಟ್ಟಿದ್ದವೆಂಬುದನ್ನು ನೆನೆಯಬೇಕು. ಕಟ್ಟಿಸಿದವರು ಪುಣ್ಯಾರ್ಥವಾಗಿಯೇ ಕಟ್ಟಿಸಿದರು.

ಭಾರತ ಸರಕಾರವು 1983–84ರಲ್ಲಿ ಈ ರೋಗದ ನಿರ್ಮೂಲನ ಕಾರ್ಯಕ್ರಮವನ್ನು ಕೈಕೊಂಡಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯು ಅದರ ಹೊಣೆಯನ್ನು ಹೊತ್ತಿತು. 1984ರ ಎಣಿಕೆಯಲ್ಲಿ ಸುಮಾರು 40,000 ಮಂದಿ ರೋಗಿಗಳು ಕಂಡುಬಂದರು. ರೋಗವಿದ್ದ ಹಳ್ಳಿಗಳು 12,000ಕ್ಕೂ ಮಿಕ್ಕಿದ್ದವು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ, ಮಹಾರಾಷ್ಟ್ರ, ಆಂಧ್ರಪ್ರದೇಶಗಳೊಡನೆ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಔಷಧವಿಲ್ಲದ ರೋಗವನ್ನು ಕಳೆಯಲು ಹೊರಟವರ ಕೈಯಲ್ಲಿದ್ದ ಸಾಧನಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ನೀರು ಸೋಸಲು ಬಟ್ಟೆ, ಮೆಟ್ಟಿಲು ಮುಚ್ಚಿ ಸೇದುವ ಬಾವಿಯನ್ನಾಗಿಸಲು ಕಲ್ಲು ಗಾರೆ, ಕೈಪಂಪು, ಸೈಕ್ಲಾಪ್ಸನ್ನು ಕೊಲ್ಲಲು ನೀರಿಗೆ ಅಳತೆಯಿಂದ ಹಾಕುವ ಟೆಮೆಫಾಸ್ ಎಂಬ ಔಷಧ, ಇವೆಲ್ಲಕ್ಕಿಂತ ಮಿಗಿಲಾಗಿ ಮಾತು. ಮನೆಮನೆಗೆ ಹೋಗಿ ಬೊಬ್ಬೆಯೆದ್ದವರನ್ನು ಹುಡುಕಿ, ಗಾಯಕ್ಕೆ ಪಟ್ಟಿ ಕಟ್ಟಿ, ಹುಳು ಪೂರ್ತಿ ಹೊರಬರುವವರೆಗೆ ನೀರಿಗಿಳಿಯಬೇಡಿರೆಂದು ಬೇಡಿಕೊಳ್ಳುವ ಮಾತು.

ಇಲ್ಲಿಗೆ ಪ್ರಸ್ತುತವಾದ ಪ್ರಶ್ನೆಗೆ ಬಂದಂತಾಯಿತು. ಕಾಲಿನಲ್ಲಿ ಹುಳು ಹೊತ್ತ ಒಕ್ಕಲುಮಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಬಾವಿಗಿಳಿದು ಕೊಡ ತುಂಬಿದನು. ಮರುವರ್ಷ ನೆರೆಮನೆಯ ಕೂಸಿನ ಕಾಲಿನಲ್ಲಿ ಹುಳು ಎದ್ದಿತು. ಇದರಲ್ಲಿ ಅವನ ದೋಷವೆಷ್ಟು?

ದೋಷದ ಮಾತೇ ಇಲ್ಲ, ಎಲ್ಲವೂ ಆಯಾ ಜೀವದ ಪೂರ್ವಕರ್ಮ ಎಂದು ಕೆಲವರು ಹೇಳುವರು. ಹೀಗೆ ಹೇಳಿದರೆ ಹೇಳಿದವನಿಗೆ ಕೆಲಸ ಉಳಿಯುವುದಿಲ್ಲವೆಂಬುದೊಂದೇ ಅದರ ಲಾಭ. ಬಾವಿಗೆ ಕಟ್ಟೆ ಕಟ್ಟಿ ಹಗ್ಗ ರಾಟೆ ಹಾಕಿದ ಕೆಲವು ವರ್ಷಗಳಲ್ಲಿಯೇ ಊರಿಗೆ ಊರೇ ಪೂರ್ವಕರ್ಮದಿಂದ ಮುಕ್ತವಾಯಿತೆಂದು ನಂಬುವುದಕ್ಕೆ ಅಸಾಧಾರಣ ಧೈರ್ಯ ಬೇಕು. ಕಾಯಕವನ್ನು ಕಲಿಸಿದ ಶರಣರ ಹೆಸರು ಹೇಳುವವರಿಗಂತೂ ಆ ಧೈರ್ಯವು ಶೋಭಿಸದು.

ಇನ್ನು ಕೆಲವರು ಅದಕ್ಕೆ ವಿರುದ್ಧವಾದ ಅಂಚಿಗೆ ಹೋಗುವರು: ಅವನು ಊರ ನೀರನ್ನು ಕೆಡಿಸಿದವನು, ಅವನಿಗೆ ದಂಡವಾಗಬೇಕು ಎಂದು. ಇದೂ ಅವಿಚಾರವೇ. ತಿಳಿಯದೆ ಮಾಡಿದುದಕ್ಕೆ ಅವನು ಹೊಣೆಯಲ್ಲವೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ತಿಳಿದ ಮೇಲೆ? ಆರೋಗ್ಯ ಕಾರ್ಯಕರ್ತನು ಬಂದು, ಗಾಜಿನ ಲೋಟದಲ್ಲಿ ಬಾವಿಯ ನೀರನ್ನು ತುಂಬಿ, ಬೆಳಕಿಗೆ ಹಿಡಿದು, ಅದರಲ್ಲಿ ಚುಕ್ಕೆಚುಕ್ಕೆಯಾಗಿ ಚಲಿಸುವ ಜೀವಿಗಳನ್ನು ತೋರಿಸಿ ಎಲ್ಲವನ್ನೂ ವಿವರಿಸಿದನು. ಆ ಮೇಲೆಯೂ ಅವನು ನೀರಿಗಿಳಿದರೆ ತಪ್ಪು ಅವನದಲ್ಲವೆ?

ಮೇಲುನೋಟಕ್ಕೆ ಹೌದೆನ್ನಿಸುತ್ತದೆ. ಆದರೆ ಊರಿಗಿರುವುದು ಅದೊಂದೇ ಬಾವಿ. ಅವನ ಮನೆಯಲ್ಲಿ ಬೇರೆ ಆಳಿಲ್ಲ. ಅಥವಾ ಅವನ ಸ್ಥಾನದಲ್ಲಿ ಮಕ್ಕಳು ದೂರವಾದ ಒಬ್ಬಂಟಿ ಮುದುಕಿಯಿದ್ದಾಳೆ. ನೀರಿಲ್ಲದೆ ಒಂದು ದಿನವೂ ನಡೆಯದು. ಹುಳುವಾದರೋ ವಾರಗಟ್ಟಲೆ ಕಾಲಿನಲ್ಲಿರುತ್ತದೆ. ಅಂತಹವಳಿಗೆ ನೀರಿಗಿಳಿಯಬೇಡವೆಂದು ಹೇಳಿ ಹೊರಟುಹೋದವನು ಅವಳಿಗೆ ತಿಳಿವಳಿಕೆಯನ್ನು ಕೊಟ್ಟನೋ, ಬಾಯಾರಿಕೆಯನ್ನು ಕೊಟ್ಟನೋ? ತಿಳಿವು ಬಂದ ಮಾತ್ರಕ್ಕೆ ಹೊಣೆಯು ಪೂರ್ತಿಯಾಗಿ ತಿಳಿದವನ ಹೆಗಲಿಗೆ ಬರುವುದಿಲ್ಲ. ತಿಳಿದಂತೆ ನಡೆಯಲು ಅವಳಿಗೆ ಇನ್ನೊಬ್ಬರ ಕೈ ಬೇಕು. ಆ ಕೈ ದೊರೆಯದಿದ್ದಲ್ಲಿ ಅವಳು ಇಳಿದ ಹೆಜ್ಜೆಯಲ್ಲಿ ಬಾಗಿಲು ಮುಚ್ಚಿ ಕುಳಿತ ನೆರೆಮನೆಯ ಹೆಜ್ಜೆಯೂ ಸೇರಿರುತ್ತದೆ. ದಿನಕ್ಕೆ ಎರಡು ಕೊಡ ನೀರನ್ನು ಅವಳ ಹೊಸ್ತಿಲಿಗೆ ತಂದಿಟ್ಟವನಿಗೆ ಮಾತ್ರ ನೀರಿಗಿಳಿಯಬೇಡವೆಂದು ಅವಳಿಗೆ ಹೇಳುವ ಅಧಿಕಾರ ಉಂಟಾಗುತ್ತದೆ. ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವುದಷ್ಟೇ ಎಂದು ತಿಳಿದ ಗೃಹಸ್ಥರು ಈ ಎರಡು ಕೊಡಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿ ಇನ್ನೊಂದು ಶಂಕೆ ಏಳುತ್ತದೆ. ಇದು ಮೊದಲಿನವುಗಳಿಗಿಂತ ಕಠಿಣವಾದುದು. ನೀರಿಗಿಳಿಯಬೇಡ, ಬಾವಿ ಮುಟ್ಟಬೇಡ ಎಂಬ ಮಾತು ಈ ದೇಶಕ್ಕೆ ಹೊಸದಲ್ಲ. ರೋಗದ ಹೆಸರೇ ಇಲ್ಲದೆ, ಹುಟ್ಟನ್ನೇ ರೋಗವಾಗಿ ಎಣಿಸಿ ಆ ಮಾತನ್ನು ತಲೆತಲಾಂತರದಿಂದ ಆಡಿಕೊಂಡು ಬರಲಾಯಿತು. ಸಾರ್ವಜನಿಕ ಕೆರೆಯ ನೀರನ್ನು ಕುಡಿಯುವುದಕ್ಕಾಗಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ನಡೆದುಹೋಗಬೇಕಾಯಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕುಲದ ಕಟ್ಟನ್ನು ಹರಿದುದು ನಿಜ. ಅವರ ಪರಂಪರೆಯವರೆಂದು ಹೇಳಿಕೊಳ್ಳುವ ಊರುಗಳಲ್ಲಿ ಬಾವಿಯ ಮಾತು ಬಂದಾಗ ಆ ಕಟ್ಟು ಮತ್ತೆ ಹೆಣೆದುಕೊಂಡುದೂ ನಿಜ. ಇಂತಹ ಚರಿತ್ರೆಯುಳ್ಳ ದೇಶದಲ್ಲಿ, ಒಳ್ಳೆಯ ಉದ್ದೇಶದಿಂದಲೇ ಆಗಲಿ, ಒಬ್ಬನನ್ನು ಬಾವಿಯ ಮೇಲೆಯೇ ತಡೆದು ನಿಲ್ಲಿಸುವುದು ಹಳೆಯ ಗಾಯವನ್ನು ಕೆದಕಿದಂತೆ ಆಗುವುದಿಲ್ಲವೆ? ಹೊರಗೆ ನಿಂತವನಿಗೆ ಇನ್ನೊಬ್ಬನು ನೀರು ಸೇದಿ ಹೊಯ್ಯುವುದು ಎರಡರಲ್ಲಿಯೂ ಒಂದೇ ರೀತಿ ಕಾಣುತ್ತದೆಯಲ್ಲ?

ಕಾಣುತ್ತದೆ. ಕ್ರಿಯೆ ಒಂದೇ ಆದರೂ ಅದರ ಒಳಗು ಬೇರೆ. ಹುಟ್ಟಿನ ನಿಷೇಧಕ್ಕೆ ಕೊನೆಯಿಲ್ಲ; ಗಾಯದ ನಿಷೇಧವು ಗಾಯದೊಡನೆ ಮಾಯುತ್ತದೆ. ಮೊದಲನೆಯದು ಕೇರಿಯನ್ನು ನೋಡಿ ಬರುತ್ತದೆ. ಎರಡನೆಯದು ಕಾಲನ್ನು ಮಾತ್ರ ನೋಡುತ್ತದೆ, ಆ ಕಾಲು ಗೌಡನದಾದರೂ ಸರಿ, ಅಯ್ಯನವರದಾದರೂ ಸರಿ. ಮೊದಲನೆಯದಕ್ಕೆ ಕಾರಣ ಕೇಳಿದರೆ ಸಿಟ್ಟು ಬರುತ್ತದೆ. ಎರಡನೆಯದಕ್ಕೆ ಕಾರಣವನ್ನು ಗಾಜಿನ ಲೋಟದಲ್ಲಿ ಹಿಡಿದು ತೋರಿಸಬಹುದು. ಇಷ್ಟೆಲ್ಲ ಭೇದವಿದ್ದರೂ, ನೀರು ತಂದುಕೊಡುವವನು ದೂರದಿಂದ ಹೊಯ್ದು ಹೋದನೆಂದರೆ ಆ ಭೇದವು ಅಳಿಸಿಹೋಯಿತೆಂದೇ ತಿಳಿಯಬೇಕು. ಮನೆಯೊಳಕ್ಕೆ ಹೋಗಿ, ಕೊಡವನ್ನಿಳಿಸಿ, ಗಾಯ ಹೇಗಿದೆಯೆಂದು ಕೇಳಿ ಬಂದವನು ಮಾತ್ರ ಹಳೆಯ ನಿಷೇಧದಿಂದ ಹೊರಗೆ ಬಂದವನು.

ಈ ರೋಗದ ಲೆಕ್ಕಾಚಾರವೂ ಅದನ್ನೇ ಒತ್ತಾಯಿಸಿತು. ಊರಿನ ದೊಡ್ಡ ಬಾವಿಗೆ ಕಟ್ಟೆ ಕಟ್ಟಿ, ಒಂದು ಕೇರಿಯ ಗುಂಡಿಯನ್ನು ಹಾಗೆಯೇ ಬಿಟ್ಟರೆ ಹುಳುವಿಗೆ ಆ ಒಂದು ಗುಂಡಿಯೇ ಸಾಕು. ಅಲ್ಲಿ ನೀರು ಕುಡಿದ ಕೂಲಿಯಾಳು ಮರುವರ್ಷ ಹೊಲದ ಹೊಂಡಕ್ಕಿಳಿಯುತ್ತಾನೆ. ಹೊಲದ ಒಡೆಯನೂ ಅಲ್ಲಿಯೇ ಬಾಯಾರಿಕೆ ಕಳೆಯುತ್ತಾನೆ. ಒಂದು ಮನೆಯನ್ನು ಬಿಟ್ಟು ಉಳಿದವರು ಸುರಕ್ಷಿತರಾಗಲು ಈ ರೋಗದಲ್ಲಿ ಎಡೆಯೇ ಇರಲಿಲ್ಲ. ಸಮತೆಯನ್ನು ಉಪದೇಶದಿಂದ ಒಪ್ಪದವರು ಹುಳುವಿನ ಭಯದಿಂದಾದರೂ ಒಪ್ಪಬೇಕಾಯಿತು.

ಬಲಾತ್ಕಾರದಿಂದ ಇದನ್ನು ಸಾಧಿಸಬಹುದಾಗಿತ್ತೆ? ಸಿಡುಬನ್ನು ಕಳೆಯುವ ಕಾರ್ಯದಲ್ಲಿ, 1973ರಿಂದ 1975ರವರೆಗಿನ ಕೊನೆಯ ಹಂತದಲ್ಲಿ, ಒಲ್ಲೆನೆಂದವರನ್ನು ಹಿಡಿದು ಲಸಿಕೆ ಹಾಕಿದ ಪ್ರಸಂಗಗಳು ಉತ್ತರ ಭಾರತದಲ್ಲಿ ನಡೆದುದುಂಟು. ಅದು ಯುಕ್ತವೋ ಅಯುಕ್ತವೋ ಎಂಬ ವಾದವು ಇಂದಿಗೂ ಮುಗಿದಿಲ್ಲ. ಸಿಡುಬು ಕೊಲ್ಲುವ ರೋಗವಾದುದರಿಂದ ಎರಡೂ ಕಡೆಗೆ ತೂಕವಿದೆ. ಆದರೆ ಸೂಜಿಯನ್ನು ಒಂದು ಕ್ಷಣ ಬಲವಂತದಿಂದ ಚುಚ್ಚಬಹುದು. ವರ್ಷದ ಮುನ್ನೂರರವತ್ತೈದು ದಿನ ಪ್ರತಿ ಬಾವಿಯ ಪ್ರತಿ ಮೆಟ್ಟಿಲಿಗೆ ಕಾವಲಿಡುವುದು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ನಾರುಹುಣ್ಣಿನ ವಿಷಯದಲ್ಲಿ ಜನರ ಮನವೊಲಿಸದೆ ಬೇರೆ ದಾರಿಯೇ ಇರಲಿಲ್ಲ.

ಮನವೊಲಿಸುವುದು ಸುಲಭವೂ ಆಗಿರಲಿಲ್ಲ. ಬಾವಿಯ ನೀರು ತೀರ್ಥಸಮಾನ, ಅದಕ್ಕೆ ಔಷಧ ಹಾಕಿದರೆ ಮೈಲಿಗೆಯಾಗುತ್ತದೆ ಎಂಬ ಆಕ್ಷೇಪವು ಕೆಲವೆಡೆ ಬಂದಿತು. ಹಿರಿಯರು ಪುಣ್ಯಕ್ಕೆ ಕಟ್ಟಿಸಿದ ಮೆಟ್ಟಿಲುಗಳನ್ನು ಮುಚ್ಚುವುದು ಅವರಿಗೆ ಮಾಡುವ ಅಪಚಾರವೆಂದೂ ಹೇಳಿದರು. ಈ ಆಕ್ಷೇಪವನ್ನು ಮೂಢತನವೆಂದು ತಳ್ಳಿಹಾಕುವುದು ಸರಿಯಲ್ಲ. ನೀರನ್ನು ಪೂಜ್ಯವೆಂದು ಭಾವಿಸುವವನು ನೀರಿನ ವಿಷಯದಲ್ಲಿ ಜಾಗರೂಕನಾಗಲು ಅರ್ಧ ಸಿದ್ಧನಾದವನೇ. ಕಟ್ಟಿಸಿದವರ ಸಂಕಲ್ಪವು ಊರಿನ ಬಾಯಾರಿಕೆಯನ್ನು ಕಳೆಯುವುದಾಗಿತ್ತೇ ಹೊರತು ಮೆಟ್ಟಿಲನ್ನು ಉಳಿಸುವುದಾಗಿರಲಿಲ್ಲ.

ಇದೇ ಸಂದರ್ಭದಲ್ಲಿ ಒಂದು ಹಳೆಯ ಆಚಾರವನ್ನು ನೆನೆಯಬಹುದು. ಶೀಲವಂತರ ಮನೆಗಳಲ್ಲಿ ನೀರಿನ ಕೊಡವನ್ನು ಬಟ್ಟೆಯಿಂದ ಮುಚ್ಚಿ ತರುವ ಪದ್ಧತಿಯಿತ್ತು. ನೀರನ್ನು ಸೋಸಿ ಬಳಸುವ ನೇಮವೂ ಹಲವು ಮನೆಗಳಲ್ಲಿತ್ತು. ಸೈಕ್ಲಾಪ್ಸನ್ನು ತಡೆಯಲು ಎರಡು ಮಡಿಕೆಯ ಒತ್ತಾದ ಬಟ್ಟೆಯೇ ಸಾಕಾಗುತ್ತದೆ. ಇದನ್ನು ಕೇಳಿದೊಡನೆ, ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಬೀಗುವವರಿದ್ದಾರೆ. ಅದು ಅಭಿಮಾನದ ಮಾತೇ ಹೊರತು ಸತ್ಯವಲ್ಲ. ಅವರು ಬಟ್ಟೆ ಮುಚ್ಚಿದ್ದು ವ್ರತಕ್ಕಾಗಿ, ಹುಳುವಿಗಾಗಿ ಅಲ್ಲ. ಹಿರಿಯರು ತಿಳಿಯದೆಯೂ ಕೈಬಿಡದ ನೇಮವನ್ನು, ಕಾರಣ ತಿಳಿದವರು ಬೇಸರಪಟ್ಟು ಬಿಡುವುದು ವಿಚಿತ್ರವೆಂದಷ್ಟೇ ಹೇಳಬಹುದು.

ನೀರು ಸೋಸಿದವರು ಯಾರು? ಬಹುಮಟ್ಟಿಗೆ ಹೆಂಗಸರು. ಬಾವಿಗೆ ಹೋಗುವವರೂ ಅವರೇ, ಕೊಡ ಹೊರುವವರೂ ಅವರೇ, ಬಟ್ಟೆ ಹಿಡಿಯುವವರೂ ಅವರೇ. ಗಂಡಸರ ಸಭೆ ಕೂಡಿಸಿ ಮಾಡಿದ ಭಾಷಣಕ್ಕಿಂತ ಒಬ್ಬ ತಾಯಿಗೆ ಲೋಟದ ನೀರನ್ನು ತೋರಿಸಿದ್ದರಿಂದ ಆದ ಲಾಭ ದೊಡ್ಡದೆಂದು ಧಾರಾಳವಾಗಿ ಹೇಳಬಹುದು. ಶಿವಭಕ್ತರ ಅಂಗಳ ಗುಡಿಸುವುದು ಶರಣೆ ಸತ್ಯಕ್ಕನ ಕಾಯಕವಾಗಿತ್ತೆಂದು ಪರಂಪರೆಯು ಹೇಳುತ್ತದೆ. ಗುಡಿಸಿದ ಅಂಗಳದಲ್ಲಿ ಗುಡಿಸಿದವಳ ಗುರುತು ಉಳಿಯುವುದಿಲ್ಲ. ಕಸ ಉಳಿದರೆ ಮಾತ್ರ ಅವಳ ಹೆಸರು ಬರುತ್ತದೆ. ರೋಗ ಬಾರದಂತೆ ತಡೆಯುವ ಕಾಯಕವೂ ಅದೇ ಬಗೆಯದು. ಹುಳುವನ್ನು ಕಡ್ಡಿಗೆ ಸುತ್ತಿ ತೆಗೆದ ವೈದ್ಯನಿಗೆ ರೋಗಿಯು ಕೈಮುಗಿಯುತ್ತಾನೆ. ಹುಳು ಬಾರದಂತೆ ಮಾಡಿದವಳಿಗೆ ಕೈಮುಗಿಯುವವರಾರು? ತಾನು ಉಳಿದುಕೊಂಡೆನೆಂಬುದೇ ಉಳಿದವನಿಗೆ ತಿಳಿಯದು.

ಈ ಕಾಯಕದ ಪರಮಾವಧಿಯನ್ನು ಕೊನೆಯ ವರ್ಷಗಳಲ್ಲಿ ಕಾಣಬೇಕು. ಭಾರತದ ಕೊನೆಯ ರೋಗಿಯು ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ 1996ರ ಜುಲೈ ತಿಂಗಳಲ್ಲಿ ಕಂಡುಬಂದನು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ರೋಗವಿಲ್ಲವೆಂದು ಲೋಕಕ್ಕೆ ಸಿದ್ಧಪಡಿಸಲು ಮುಂದೆ ಮೂರು ವರ್ಷಗಳಿಗೂ ಮಿಕ್ಕು ಊರೂರು ಸುತ್ತಿ ಹುಡುಕಬೇಕಾಯಿತು. ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನವನ್ನೂ ಸಾರಲಾಯಿತು. ಇಲ್ಲದುದನ್ನು ಹುಡುಕುತ್ತ ಮನೆಮನೆಯ ಬಾಗಿಲಲ್ಲಿ ನಿಂತು, ಇಲ್ಲವೆಂಬ ಉತ್ತರವನ್ನು ಬರೆದುಕೊಂಡು, ಮುಂದಿನ ಮನೆಗೆ ಹೋಗುವ ಕೆಲಸವದು. ವಿಶ್ವ ಆರೋಗ್ಯ ಸಂಸ್ಥೆಯು 2000ದ ಫೆಬ್ರವರಿಯಲ್ಲಿ ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಅಂದು ಊರುಗಳಲ್ಲಿ ಹಬ್ಬವೇನೂ ನಡೆಯಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಬಾವಿಯ ಬದಲಿಗೆ ಬಂದ ಕೈಪಂಪು, ಕೊಳವೆಬಾವಿಗಳು ರಾಜಸ್ಥಾನದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕೆಲವೆಡೆ ಫ್ಲೋರೈಡ್ ಹೆಚ್ಚಾಗಿರುವ ನೀರನ್ನು ಮೇಲೆ ತಂದವು; ಹಲ್ಲು ಕಂದಾಗುವುದು, ಮೂಳೆ ಬಾಗುವುದು ಆ ನೀರಿನ ಫಲ. ಒಂದು ಕೇಡನ್ನು ಕಳೆದ ಉಪಾಯವು ಇನ್ನೊಂದಕ್ಕೆ ಎಡೆಗೊಟ್ಟಿತು. ಇದರಿಂದ ಮೊದಲಿನ ಕೆಲಸವು ತಪ್ಪಾಗಲಿಲ್ಲ; ಆದರೆ ನೀರಿನ ಮೇಲಿನ ಎಚ್ಚರಕ್ಕೆ ಬಿಡುವು ಕೊಡುವಂತಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

1986ರಲ್ಲಿ ಲೋಕದಲ್ಲೆಲ್ಲ ಸುಮಾರು 35 ಲಕ್ಷ ಜನ ಈ ರೋಗದಿಂದ ನರಳುತ್ತಿದ್ದರೆಂದು ಅಂದಾಜು. 2024ರಲ್ಲಿ ಕಂಡುಬಂದವರು 15 ಮಂದಿ ಮಾತ್ರ, ಆಫ್ರಿಕಾ ಖಂಡದ ಚಾಡ್ ಮತ್ತು ದಕ್ಷಿಣ ಸುಡಾನ್ ದೇಶಗಳಲ್ಲಿ. ಆಫ್ರಿಕಾದ ದೇಶಗಳಲ್ಲಿ ಇಂತಹ ರೋಗಿಗಳಿಗಾಗಿ ಆಶ್ರಯಸ್ಥಾನಗಳನ್ನು ತೆರೆಯುವ ಪದ್ಧತಿಯು ಬೆಳೆದುಬಂದಿದೆ. ಬೊಬ್ಬೆಯೆದ್ದವನನ್ನು ಅಲ್ಲಿಗೆ ಕರೆತಂದು, ನೀರಿಗಿಳಿಯಬೇಡವೆಂದು ಹೇಳುವುದರೊಡನೆ ಅವನಿಗೆ ಊಟ, ಹಾಸಿಗೆಗಳನ್ನು ಕೊಡುತ್ತಾರೆ. ದಿನವೂ ಗಾಯವನ್ನು ತೊಳೆದು ಹೊಸ ಪಟ್ಟಿ ಕಟ್ಟುತ್ತಾರೆ. ಕುಡಿಯುವ ನೀರನ್ನು ಸೋಸಿ ಅವನ ಕೈಗೇ ತಂದುಕೊಡುತ್ತಾರೆ. ಹುಳುವಿನ ಕೊನೆಯ ಅಂಗುಲವು ಹೊರಗೆ ಬಂದ ಮೇಲೆಯೇ ಅವನನ್ನು ಊರಿಗೆ ಕಳುಹಿಸುತ್ತಾರೆ.